ಶಾಲೆಯ ಗೊಂಬೆಯಾಟಕ್ಕೆ ದುಡ್ಡು ಎಲ್ಲಿ ಸಿಗುತ್ತದೆ? ಕಲಿ-ಕಲಿಸು ಅನುದಾನ ಮತ್ತು ಉಳಿದವುಗಳ ಬಗ್ಗೆ ಒಬ್ಬ ಡ್ರಾಯಿಂಗ್ ಟೀಚರ್

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನೀವು ಕರ್ನಾಟಕದ ಸರ್ಕಾರಿ ಶಾಲೆಯ ಟೀಚರ್. ಮಕ್ಕಳಿಗೆ ಹಾಡೋ, ನಾಟಕವೋ, ಚಿತ್ರವೋ, ಗೊಂಬೆಯಾಟವೋ ವರ್ಷವಿಡೀ ಕಲಿಸುವ ಆಸೆ ಇದೆ, ಕೈಯಲ್ಲಿ ದುಡ್ಡಿಲ್ಲ. ಹಾಗಿದ್ದರೆ ಮೊದಲು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನವರ ಕಲಿ-ಕಲಿಸು ಅನುದಾನಕ್ಕೆ ಬರೆಯಿರಿ. ದುಡ್ಡು ಕೊಡುವವರು ಬೇರೆ ಕಡೆಯೂ ಇದ್ದಾರೆ. ಕೆಲವರು ಒಳ್ಳೆಯವರೇ. ಆದರೆ ಅವರ ಅರ್ಜಿಗಳನ್ನು ನೋಡಿದರೆ ಸಂಘ ಸಂಸ್ಥೆಯವರನ್ನೋ, ದೊಡ್ಡ ಕಲಾವಿದರನ್ನೋ, ಪ್ರತಿಭೆ ಇರುವ ಒಂದೊಂದು ಮಗುವನ್ನೋ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದಾರೆ ಅನಿಸುತ್ತದೆ. ಟೀಚರನ್ನು ನೋಡಿಕೊಂಡು ಮಾಡಿದ್ದು ಇದೊಂದೇ ನನಗೆ ಕಂಡದ್ದು. ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಎಲ್ಲಿ ಹೋಯಿತು ಅಂತ ಓದುತ್ತಾ ಗೊತ್ತಾಗುತ್ತದೆ.

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಮಕ್ಕಳ ಬಾಯಲ್ಲಿ ಡ್ರಾಯಿಂಗ್ ಅಕ್ಕೋರು. ಟೈಮ್‌ಟೇಬಲ್‌ನಲ್ಲಿ ನನಗೂ ಪಿರಿಯಡ್ ಇದೆ. ಡಿಸೆಂಬರ್ ಬಂತೆಂದರೆ ಅದು ಗಣಿತದವರಿಗೋ ಇಂಗ್ಲಿಷ್‌ನವರಿಗೋ ಹೋಗುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಮುಂದೆ ಜಲವರ್ಣ ಎಷ್ಟರದು, ಅಲ್ವಾ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯ ಆಗಬೇಕು ಅಂದಿತ್ತು. 2020ರ ಶಿಕ್ಷಣ ನೀತಿ ಪಠ್ಯ ಬೇರೆ, ಪಠ್ಯೇತರ ಬೇರೆ ಅನ್ನುವ ಗೋಡೆಯೇ ಇರಬಾರದು ಅಂದಿತು. ಕಾಗದದ ಮೇಲೆ ನಾವು ತುಂಬಾ ಮುಂದೆ ಇದ್ದೇವೆ.

2025ರಲ್ಲಿ ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಗಲುಗೊಂಬೆಯಾಟದ ಅಜ್ಜಿ. ಆಗ ಅವರಿಗೆ 96 ವರ್ಷ. ನಮ್ಮ ಶಾಲೆಯ ಹುಡುಗರೆಲ್ಲ ಆ ಅಜ್ಜಿಯ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ ಹಾಕಿಕೊಂಡರು. ಒಂಬತ್ತನೇ ಕ್ಲಾಸಿನಲ್ಲಿ ತೊಗಲುಗೊಂಬೆಯಾಟ ನೋಡಿದವರು ಕೈ ಎತ್ತಿ ಅಂದೆ. ಒಂದು ಕೈಯೂ ಏಳಲಿಲ್ಲ. ಮೊಬೈಲಿನಲ್ಲಿ ನೋಡಿದ್ದೀವಿ ಅಕ್ಕೋರ ಅಂದರು. ಅಲ್ಲಿಂದ ತಲೆಗೆ ಹತ್ತಿದ್ದು ಇದು: ಮಕ್ಕಳೇ ಗೊಂಬೆ ಕತ್ತರಿಸಿ, ಬಣ್ಣ ಹಚ್ಚಿ, ಪರದೆ ಕಟ್ಟಿ, ಆಟ ಆಡಿಸಬೇಕು. ಅದನ್ನು ನಾನು ಕಲಿಸಿದರೆ ಸಾಲದು. ನನಗೇ ಬರುವುದಿಲ್ಲ. ಮನೆತನದಿಂದ ಆಡಿಸಿಕೊಂಡು ಬಂದವರು ಶಾಲೆಗೆ ಬಂದು ಕಲಿಸಬೇಕು.

ದುಡ್ಡಿನ ಪ್ರಶ್ನೆ ಶುರುವಾಗುವುದೇ ಇಲ್ಲಿ. ಎಲ್ಲರೂ ತಿಳಿದಿರುವುದು ಬಣ್ಣ, ಹಾಳೆ, ಕತ್ತರಿಗೆ ದುಡ್ಡು ಬೇಕು ಅಂತ. ಅದು ಸಣ್ಣ ಬಾಬ್ತು. ಮಕ್ಕಳಿಗೆ ಮೊದಲು ರಟ್ಟು ಸಾಕು. ಡ್ರಾಯಿಂಗ್ ಶೀಟಿಗೆ ಎಣ್ಣೆ ಸವರಿದರೆ ಬೆಳಕು ಹಾಯುತ್ತದೆ, ಬಣ್ಣವೂ ಪರದೆಯ ಮೇಲೆ ಕಾಣುತ್ತದೆ. ಆಸ್ಪತ್ರೆಯಿಂದ ತಂದಿಟ್ಟ ಹಳೆ ಎಕ್ಸ್‌ರೇ ಹಾಳೆ ಊರಿನ ಮನೆಮನೆಯಲ್ಲಿ ಸಿಗುತ್ತದೆ. ಪರದೆಗೆ ಬಿಳಿ ಧೋತ್ರ. ಹಿಂದೆ ಎಣ್ಣೆ ದೀಪ ಇತ್ತು, ಈಗ ಒಂದು ಬಲ್ಬು. ಖರ್ಚು ಇರುವುದು ಕಲಾವಿದರ ದಿನಕ್ಕೆ. ಪಕ್ಕದ ಊರಿನ ಹಿರಿಯರೊಬ್ಬರ ಹತ್ತಿರ ಹೋಗಿ ಕೇಳಿದೆ. ಅವರು ಚಹಾ ಕೊಟ್ಟು, ಗೊಂಬೆಪೆಟ್ಟಿಗೆ ತೆಗೆದು ತೋರಿಸಿ, ಆಮೇಲೆ ಮೆಲ್ಲಗೆ ಅಂದರು: "ಅಕ್ಕೋರ, ಹುಡುಗ್ರಿಗೆ ಕಲಿಸಾಕ ನಂಗ ಖುಷಿನೇ ಐತ್ರಿ. ಆದ್ರ ಒಂದಿನ ಸಾಲಿಗೆ ಬಂದ್ರ ಆ ದಿನದ ಕೂಲಿ ಹೋತಲ್ರಿ." ಅದರಲ್ಲಿ ಏನು ತಪ್ಪಿದೆ? ಶಾಲು ಹೊದಿಸಿ, ಹಾರ ಹಾಕಿ, ಒಂದು ಡಜನ್ ಬಾಳೆಹಣ್ಣು ಕೊಟ್ಟು ಕಳಿಸುವ ಸನ್ಮಾನ ಅವರಿಗೆ ಸಾಕಾಗಿಹೋಗಿದೆ. ವಾರಕ್ಕೊಮ್ಮೆ ಬರಬೇಕು, ತಿಂಗಳುಗಟ್ಟಲೆ ಬರಬೇಕು ಅಂದರೆ ಕೂಲಿಗಿಂತ ಜಾಸ್ತಿ ಕೊಡಬೇಕು. ಜೊತೆಗೆ ಹಾರ್ಮೋನಿಯಂನವರು, ಮದ್ದಲೆಯವರು. ಬಸ್ ಚಾರ್ಜು. ಮಧ್ಯಾಹ್ನದ ಊಟ ಮಾತ್ರ ಶಾಲೆಯ ಬಿಸಿಯೂಟದಲ್ಲಿ ಆಗುತ್ತದೆ.

ಶಾಲೆಯಲ್ಲೇ ಇರುವ ದುಡ್ಡಿನಿಂದ ಶುರು ಮಾಡೋಣ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಡಿ ಶಾಲೆಗೆ ವರ್ಷಕ್ಕೊಮ್ಮೆ ಅನುದಾನ ಇರುತ್ತದೆ. ಮಾರ್ಗಸೂಚಿಯ ಪ್ರಕಾರ 31ರಿಂದ 100 ಮಕ್ಕಳಿದ್ದರೆ 25,000 ರೂಪಾಯಿ, 101ರಿಂದ 250 ಇದ್ದರೆ 50,000, 251ರಿಂದ 1,000ದವರೆಗೆ 75,000. ಅದರಲ್ಲಿ ಶೇಕಡಾ 10ರಷ್ಟು ಸ್ವಚ್ಛತೆಗೇ ಇಡಬೇಕು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಕರೆಂಟ್ ಬಿಲ್ಲು, ನಲ್ಲಿ ರಿಪೇರಿ, ಪ್ರಯೋಗಶಾಲೆಯ ಸಾಮಾನು. ನಮ್ಮ ಹೆಡ್‌ಮಾಸ್ಟರ್ ಒಳ್ಳೆಯವರು. ಬಣ್ಣದ ಡಬ್ಬಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ಕಲಾವಿದರ ಗೌರವಧನ ಕೇಳಿದರೆ ಕನ್ನಡಕ ತೆಗೆದು ಒರೆಸಲಿಕ್ಕೆ ಶುರು ಮಾಡುತ್ತಾರೆ. ಅವರದೂ ತಪ್ಪಲ್ಲ. ಆ ಹಣಕ್ಕೆ ಆಡಿಟ್ ಇದೆ, ಆ ತಲೆಬರಹ ಅದರಲ್ಲಿ ಇಲ್ಲ.

ಪ್ರತಿಭಾ ಕಾರಂಜಿ ಇದೆಯಲ್ಲ ಅನ್ನುತ್ತೀರಿ. ಕೇಂದ್ರದ ಕಲಾ ಉತ್ಸವವೂ ಇದೆ, 2015ರಿಂದ ನಡೆಯುತ್ತಿದೆ. ಅವು ಸ್ಪರ್ಧೆ. ಕಲಿತ ಮಗುವಿಗೆ ಅಲ್ಲಿ ವೇದಿಕೆ ಸಿಗುತ್ತದೆ. ಕಲಿಯಲಿಕ್ಕೆ ದುಡ್ಡು ಅಲ್ಲಿಂದ ಬರುವುದಿಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು. ಅದು ನೋಂದಣಿ ಆದ ಸಂಘ ಸಂಸ್ಥೆಗಳಿಗೆ. ನೋಂದಣಿ ಪತ್ರ, ಆಡಿಟ್ ವರದಿ, ಹಿಂದಿನ ಕಾರ್ಯಕ್ರಮಗಳ ಫೋಟೋ, ಆಹ್ವಾನ ಪತ್ರಿಕೆ, ಪೇಪರ್ ಕಟಿಂಗ್ ಎಲ್ಲ ಬೇಕು. ಊರಲ್ಲಿ ಒಂದು ಯುವಕ ಸಂಘವೋ ಜಾನಪದ ಕಲಾ ತಂಡವೋ ಕ್ರಮವಾಗಿ ಲೆಕ್ಕ ಇಟ್ಟುಕೊಂಡು ಬಂದಿದ್ದರೆ ಅವರಿಗೆ ಇದು ಸರಿಯಾದ ಜಾಗ. ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ತೊಗಲುಗೊಂಬೆಯವರು ಅದನ್ನೂ ಕೇಳಿ ನೋಡಬೇಕು. ಆದರೆ ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅನ್ನುವುದು, 1960ರ ಸಂಘಗಳ ಕಾಯ್ದೆಯಡಿ ನೋಂದಣಿ ಆದ ಸಂಘ ಅಲ್ಲ. ಅರ್ಜಿಯ ಮೊದಲ ಪ್ರಶ್ನೆಗೇ ನಮ್ಮ ಹತ್ತಿರ ಉತ್ತರ ಇಲ್ಲ. ಗೊಂಬೆಯಾಟಕ್ಕೋಸ್ಕರ ಒಂದು ಸಂಘ ಹುಟ್ಟಿಸಿ, ಅಧ್ಯಕ್ಷರು ಯಾರು ಅಂತ ಊರಲ್ಲಿ ಜಗಳ ತಂದುಕೊಳ್ಳುವ ಧೈರ್ಯ ನನಗಿಲ್ಲ.

ದೆಹಲಿಯ ಸಿಸಿಆರ್‌ಟಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಅದು ಗೊತ್ತಿರುವವರು ಕಡಿಮೆ. ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಅಂತ ಪೂರ್ತಿ ಹೆಸರು, 1979ರಲ್ಲಿ ಶುರುವಾದ ಕೇಂದ್ರ ಸಂಸ್ಕೃತಿ ಸಚಿವಾಲಯದ ಸಂಸ್ಥೆ. ಅವರ ವಿದ್ಯಾರ್ಥಿವೇತನ 10ರಿಂದ 14 ವರ್ಷದ ಮಕ್ಕಳಿಗೆ. ವರ್ಷಕ್ಕೆ 650. ಅದರಲ್ಲಿ 125 ವಿದ್ಯಾರ್ಥಿವೇತನ ಪಾರಂಪರಿಕ ಪ್ರದರ್ಶನ ಕಲೆಗಳ ಮನೆತನದ ಮಕ್ಕಳಿಗೇ ಮೀಸಲು. ಈ ಸಾಲನ್ನು ಓದಿದಾಗ ನನಗೆ ನಮ್ಮ ಸುತ್ತಮುತ್ತಲಿನ ಗೊಂಬೆಯಾಟದ ಮನೆಗಳೇ ಕಣ್ಣಿಗೆ ಬಂದವು. ಮೊಮ್ಮಕ್ಕಳು ಅದೇ ವಯಸ್ಸಿನವರು ಎಷ್ಟು ಜನ ಇದ್ದಾರೆ! ಮೊತ್ತ ಮಾತ್ರ ಸಣ್ಣದು. ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕೊಟ್ಟ ಫೀಸಿಗೆ 9,000 ರೂಪಾಯಿಯವರೆಗೆ. ತಿಂಗಳ ಲೆಕ್ಕದಲ್ಲಿ ಮುನ್ನೂರು ರೂಪಾಯಿ ಅಂತ ಮೂಗು ಮುರಿಯಬೇಡಿ. ಒಂದು ಮಗುವಿಗೆ ಸರ್ಕಾರವೇ "ನೀನು ಕಲಿಯುತ್ತಿರುವುದು ವಿದ್ಯೆ" ಅಂತ ಬರೆದುಕೊಟ್ಟ ಹಾಗೆ ಆಗುತ್ತದೆ. ಆ ಮನೆಗಳಲ್ಲಿ ಅದರ ಬೆಲೆ ಬೇರೆ. ಅವರದೇ ಇನ್ನೊಂದು ಸೇವೆ ಟೀಚರುಗಳಿಗೆ: ಶಿಕ್ಷಣದಲ್ಲಿ ಗೊಂಬೆಯಾಟ ಅಂತಲೇ ಒಂದು ತರಬೇತಿ ನಡೆಸುತ್ತಾರೆ. ಶಿಕ್ಷಣ ಇಲಾಖೆ ಮೂಲಕ ಹೆಸರು ಹೋಗಬೇಕು. ದಕ್ಷಿಣದವರಿಗೆ ಹೈದರಾಬಾದ್ ಕೇಂದ್ರ ಹತ್ತಿರ. ಹಿಂದಿ, ಇಂಗ್ಲಿಷ್ ಸ್ವಲ್ಪ ಬೇಕಾಗುತ್ತದೆ. ಒಟ್ಟಿನಲ್ಲಿ ಒಂದು ಮಗುವಿಗೆ, ಒಬ್ಬ ಟೀಚರಿಗೆ ಸಿಸಿಆರ್‌ಟಿ ಒಳ್ಳೆಯದು. ಇಡೀ ಕ್ಲಾಸಿಗೆ ಅದು ಆಗುವುದಿಲ್ಲ.

ಹೈಸ್ಕೂಲು ದಾಟಿ 18 ತುಂಬಿದವರಿಗೆ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. 18ರಿಂದ 25 ವರ್ಷ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಹಳೆ ವಿದ್ಯಾರ್ಥಿಗಳಿಗೆ ಹೇಳಿಡಿ.

ಇನ್ನು ಸಿಎಸ್‌ಆರ್. ಈ ಮೂರಕ್ಷರ ಕೇಳಿದ ಕೂಡಲೇ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ಅರಳುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿವ್ವಳ ಆಸ್ತಿ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಯಾವ ಕೆಲಸ ಅಂತ ಏಳನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಶಿಕ್ಷಣ ಇದೆ, ಪಾರಂಪರಿಕ ಕಲೆ, ಕರಕುಶಲವೂ ಇದೆ. ಹಾಗಾದರೆ ಶಾಲೆಯಲ್ಲಿ ತೊಗಲುಗೊಂಬೆ ಅಂದರೆ ಎರಡೂ ಒಟ್ಟಿಗೆ ಬಂತಲ್ಲ! ಕಾನೂನಿನಲ್ಲಿ ಬಂತು. ಆದರೆ ಬೇರೆ ಸಂಸ್ಥೆಯ ಮೂಲಕ ಕಂಪನಿ ಖರ್ಚು ಮಾಡಬೇಕಾದರೆ ಆ ಸಂಸ್ಥೆಗೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಬೇಕು. ಅದರ ಹಿಂದೆ ಆದಾಯ ತೆರಿಗೆಯವರ 12ಎ, 80ಜಿ ನೋಂದಣಿ. ನಮ್ಮಂಥ ಶಾಲೆಯಲ್ಲಿ ಕಂಪನಿಯವರು ತಾವೇ ನೇರವಾಗಿ ಬಂದು ಏನಾದರೂ ಕೊಟ್ಟು ಹೋಗುವುದು ಸುಲಭ. ಹಾಗಾಗಿ ಬೆಂಚು ಬರುತ್ತದೆ, ಕಂಪ್ಯೂಟರ್ ಬರುತ್ತದೆ, ನೀರಿನ ಫಿಲ್ಟರ್ ಬರುತ್ತದೆ. ಎಲ್ಲವೂ ಬೇಕಾದವೇ, ಬೇಡ ಅನ್ನುವುದಿಲ್ಲ. ಕಲಿಸುವ ಮನುಷ್ಯ ಮಾತ್ರ ಬರುವುದಿಲ್ಲ. ಮನುಷ್ಯನ ಮೇಲೆ ಸ್ಟಿಕ್ಕರ್ ಅಂಟಿಸಲಿಕ್ಕೆ ಬರುವುದಿಲ್ಲವಲ್ಲ.

ಒಂದು ಕಂಪನಿಯವರು, ಹೆಸರು ಬೇಡ, ನನ್ನ ಗೊಂಬೆಯಾಟದ ವಿಷಯ ಕೇಳಿ ಬಂದರು. ಬಹಳ ಮರ್ಯಾದೆಯಿಂದ ಮಾತಾಡಿದರು. ಎಲ್ಲ ಕೇಳಿಸಿಕೊಂಡ ಮೇಲೆ, ಕಾಂಪೌಂಡ್ ಗೋಡೆಗೆ ಗೊಂಬೆ ಚಿತ್ರ ಬರೆಸೋಣ ಮೇಡಂ, ನಮ್ಮ ಸಿಬ್ಬಂದಿಯೇ ಒಂದು ಶನಿವಾರ ಬಂದು ಬರೆಯುತ್ತಾರೆ ಅಂದರು. ಮಕ್ಕಳಿಗೆ ಟೀಶರ್ಟು. ಗೋಡೆಯ ಮೂಲೆಯಲ್ಲಿ ಲೋಗೋ. ಮಕ್ಕಳು ಏನು ಮಾಡಬೇಕು ಸರ್ ಅಂತ ಕೇಳಿದೆ. ಫೋಟೋಗೆ ನಿಂತರೆ ಸಾಕು ಅಂದರು. ನಮ್ಮ ಹೆಡ್‌ಮಾಸ್ಟರ್‌ಗೆ ಗೋಡೆಗೆ ಬಣ್ಣ ಆಗುತ್ತಲ್ಲ ಅಂತ ಆಸೆ. ಗೋಡೆ ಈಗ ಚೆನ್ನಾಗಿ ಕಾಣುತ್ತದೆ, ಅದನ್ನು ಒಪ್ಪಬೇಕು.

ಇದೇ ಹೊತ್ತಿಗೆ ಇನ್ನೊಂದು ಥರದ ಜನರ ಪರಿಚಯ ಆಯಿತು. ನಿಮ್ಮ ಪರವಾಗಿ ಪ್ರಪೋಸಲ್ ಬರೆದು, ಫಂಡ್ ತರಿಸಿ ಕೊಡುತ್ತೇವೆ ಅನ್ನುವವರು. ಒಬ್ಬರು ಮೊದಲೇ ಫೈಲು ಖರ್ಚು ಅಂತ ಕೇಳಿದರು, ಬಂದ ಹಣದಲ್ಲಿ ಪಾಲು ಬೇರೆ. ಅವರು ಮಾದರಿಗೆ ಅಂತ ಕಳಿಸಿದ ಪ್ರಪೋಸಲ್ ಓದಿ ನಗು ಬಂತು. ಅದರಲ್ಲಿ ಇನ್ಯಾವುದೋ ಊರಿನ ನೃತ್ಯ ಶಾಲೆಯ ಹೆಸರು ಒಂದು ಕಡೆ ಹಾಗೇ ಉಳಿದಿತ್ತು. ನೆನಪಿಡಿ, ನಿಜವಾಗಿ ಅನುದಾನ ಕೊಡುವವರು ಅರ್ಜಿಗೆ ಕಮಿಷನ್ ತೆಗೆದುಕೊಳ್ಳುವ ಏಜೆಂಟರನ್ನು ಇಟ್ಟಿರುವುದಿಲ್ಲ.

ಈಗ ಕಲಿ-ಕಲಿಸು ವಿಷಯಕ್ಕೆ ಬರುತ್ತೇನೆ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಎಲ್ಲರೂ ಐಎಫ್‌ಎ ಅನ್ನುತ್ತಾರೆ, 1993ರಲ್ಲಿ ಶುರುವಾದದ್ದು. 1995ರಿಂದ ದೇಶದ ತುಂಬಾ ಕಲಾವಿದರಿಗೆ, ಸಂಶೋಧಕರಿಗೆ ಅನುದಾನ ಕೊಡುತ್ತಿದ್ದಾರೆ. ಸರ್ಕಾರದ ಸಂಸ್ಥೆ ಅಲ್ಲ. ಟ್ರಸ್ಟ್. ಅವರೂ ಕಂಪನಿಗಳ, ದಾನಿಗಳ ಹತ್ತಿರ ಕೇಳಿ ತಂದೇ ಕೊಡುವವರು. ಕಲಾ ಶಿಕ್ಷಣದ ಅವರ ಕಾರ್ಯಕ್ರಮದ ಹೆಸರು ಕಲಿ-ಕಲಿಸು. ಅದು ಕರ್ನಾಟಕದ ಸರ್ಕಾರಿ ಶಾಲೆಗಳಿಗೇ ಒತ್ತು ಕೊಟ್ಟು ಮಾಡಿದ್ದು. ಶಾಲೆಯ ಶಿಕ್ಷಕರೂ ಅರ್ಜಿ ಹಾಕಬಹುದು, ಶಾಲೆಯ ಜೊತೆ ಕೆಲಸ ಮಾಡುವ ಕಲಾವಿದರೂ ಹಾಕಬಹುದು. ಚಿತ್ರದವರೇ, ಸಂಗೀತದವರೇ ಆಗಬೇಕು ಅಂತಲೂ ಇಲ್ಲ. ಕನ್ನಡ ಪಾಠ ಮಾಡುವವರು, ಸಮಾಜ ವಿಜ್ಞಾನದವರು ಕಲೆಯನ್ನು ತಮ್ಮ ಪಾಠದೊಳಗೆ ತರುವ ಯೋಚನೆ ಇದ್ದರೆ ಅವರದೂ ನಡೆಯುತ್ತದೆ.

ನನಗೆ ಮೊದಲು ಇಷ್ಟವಾದದ್ದು ಕನ್ನಡದಲ್ಲೇ ಬರೆಯಬಹುದು ಅನ್ನುವುದು. ಅನುವಾದ ಮಾಡಿಸಿ, ಅದಕ್ಕೊಬ್ಬರಿಗೆ ಋಣಿಯಾಗಿ, ನಮ್ಮ ಮಾತು ಬೇರೆ ಯಾರದೋ ಮಾತಿನ ಹಾಗೆ ಕಾಣಿಸುವ ಕಷ್ಟ ಇಲ್ಲ. ತೊಗಲುಗೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತ ಅನ್ನುವ ಪಾತ್ರವನ್ನು ಇಂಗ್ಲಿಷಿನಲ್ಲಿ ವಿವರಿಸಲಿಕ್ಕೆ ಹೋದರೆ ಒಂದು ಪುಟ ಬೇಕು. ಕನ್ನಡದಲ್ಲಿ ಹೆಸರು ಹೇಳಿದರೆ ಸಾಕು, ಓದುವವರಿಗೆ ನಗು ಬರುತ್ತದೆ.

ಎರಡನೆಯದು ಅವರು ಕೇಳುವ ಪ್ರಶ್ನೆಗಳು. ಬೇರೆ ಕಡೆ ಅರ್ಜಿ ತುಂಬುವಾಗ ನಾನು ಯಾರು, ನನ್ನ ಹಿಂದೆ ಯಾವ ಸಂಸ್ಥೆ, ಎಷ್ಟು ವರ್ಷದ ಆಡಿಟ್ ಅನ್ನುವುದರಲ್ಲೇ ಅರ್ಧ ಹಾಳೆ ಮುಗಿಯುತ್ತದೆ. ಇಲ್ಲಿ ನನ್ನ ಕರಡು ಓದಿದ ಮೇಲೆ ಬಂದ ಮಾತೆಲ್ಲ ಮಕ್ಕಳ ಬಗ್ಗೆ. ಗೊಂಬೆ ಮಾಡುವುದರಲ್ಲಿ ಮಕ್ಕಳ ಸ್ವಂತದ್ದು ಏನು? ಹಳೆ ಗೊಂಬೆ ನೋಡಿ ನಕಲು ಮಾಡುತ್ತಾರೋ, ತಮ್ಮ ಕತೆಗೆ ತಮ್ಮ ಗೊಂಬೆ ಮಾಡುತ್ತಾರೋ? ಕಲಾವಿದರು ಕಲಿಸುವಾಗ ಟೀಚರ್ ಏನು ಮಾಡುತ್ತಿರುತ್ತೀರಿ? ಪಾಠಕ್ಕೂ ಇದಕ್ಕೂ ಏನು ಸಂಬಂಧ? ಕೊನೆಯ ಪ್ರಶ್ನೆ ನನ್ನನ್ನು ಚೆನ್ನಾಗಿ ಕಾಡಿತು. ಅಲ್ಲಿಯವರೆಗೆ ವಾರ್ಷಿಕೋತ್ಸವದಲ್ಲಿ ಒಂದು ಪ್ರದರ್ಶನ ಅನ್ನುವುದೇ ನನ್ನ ಗುರಿಯಾಗಿತ್ತು.

ಆ ಪ್ರಶ್ನೆಯಿಂದಾಗಿ ವಿಜ್ಞಾನದ ಮೇಷ್ಟ್ರು ನಮ್ಮ ಜೊತೆ ಬಂದರು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಚೂಪಾಗಿ ಕಾಣುತ್ತದೆ. ದೀಪದ ಕಡೆಗೆ ಸರಿಸಿದರೆ ದೊಡ್ಡದಾಗುತ್ತದೆ, ಅಂಚು ಮಸುಕಾಗುತ್ತದೆ. ಯಾಕೆ ಅಂತ ಮಕ್ಕಳೇ ಅಳತೆಪಟ್ಟಿ ಹಿಡಿದು ದೂರ ಅಳೆದು ಬರೆದುಕೊಂಡರು. ಸಮಾಜ ವಿಜ್ಞಾನಕ್ಕೆ ಇನ್ನೊಂದು ಸಿಕ್ಕಿತು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಪಾತ್ರದ ಅಂತಸ್ತಿಗೆ ತಕ್ಕ ಹಾಗೆ ಅಳತೆ ಇರುತ್ತದೆ. ರಾಜ, ದೇವರು ದೊಡ್ಡ ಗೊಂಬೆ. ಆಳು, ಸಾಮಾನ್ಯರು ಸಣ್ಣ ಗೊಂಬೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ತನ್ನ ಕತೆಯಲ್ಲಿ ಬಿಸಿಯೂಟದ ಅಡುಗೆ ಅಕ್ಕನನ್ನು ಎಲ್ಲರಿಗಿಂತ ದೊಡ್ಡ ಗೊಂಬೆ ಮಾಡಿದಳು. ಹೆಡ್‌ಮಾಸ್ಟರ್ ಗೊಂಬೆ ಆ ಅಡುಗೆ ಅಕ್ಕನ ಮೊಣಕಾಲಿಗೆ ಬರುವಷ್ಟು. ಹಿರಿಯ ಕಲಾವಿದರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಬರೋಬ್ಬರಿ ಐತಿ" ಅಂದರು. ಇಂಥದ್ದು ಗೋಡೆಗೆ ಬಣ್ಣ ಹೊಡೆದರೆ ಬರುತ್ತಾ?

ಬಜೆಟ್ ಹಾಳೆ ಬಗ್ಗೆ ಹೇಳುತ್ತೇನೆ, ಅದು ಬಹಳ ಜನರಿಗೆ ಉಪಯೋಗ. ನಮಗೆ ಸರ್ಕಾರಿ ಅಭ್ಯಾಸ. ಸಾಮಾನು ಬರೆದರೆ ಧೈರ್ಯ, ಮನುಷ್ಯರಿಗೆ ಕೊಡುವ ದುಡ್ಡು ಬರೆಯಲಿಕ್ಕೆ ಸಂಕೋಚ. ಕಲಾವಿದರ ಗೌರವಧನವನ್ನು ಮೊದಲ ಸಾಲಿನಲ್ಲೇ ಬರೆಯಿರಿ, ದಿನಕ್ಕೆ ಎಷ್ಟು, ಎಷ್ಟು ದಿನ ಅಂತ. ಅವರ ಜೊತೆ ಮೊದಲು ಕೂತು ಮಾತಾಡಿ, ಅವರು ಒಪ್ಪಿದ ಮೊತ್ತವನ್ನೇ ಹಾಕಿ. ಚೌಕಾಸಿ ಮಾಡಿ ಕಡಿಮೆ ಮಾಡಿದರೆ ನಡುವೆ ಬರುವುದನ್ನು ನಿಲ್ಲಿಸುತ್ತಾರೆ, ಆಗ ನೀವು ಏನೂ ಅನ್ನುವ ಹಾಗಿಲ್ಲ. ಮಕ್ಕಳನ್ನು ಕಲಾವಿದರ ಮನೆಗೆ, ಕಟ್ಟಿಗೆ ಗೊಂಬೆಗೆ ಹೆಸರಾದ ಕಿನ್ನಾಳದಂಥ ಊರಿಗೆ ಕರೆದುಕೊಂಡು ಹೋಗುವ ವಾಹನದ ಬಾಡಿಗೆ ಮರೆಯಬೇಡಿ. ಫೋಟೋ, ವಿಡಿಯೋ ದಾಖಲೆಗೂ ಸ್ವಲ್ಪ ಇಡಿ. ಕಂಪ್ಯೂಟರ್, ಸ್ಪೀಕರ್, ಬೀರು ಇಂಥವಕ್ಕೆ ಬೇರೆ ಬಾಗಿಲು ತಟ್ಟಿ.

ಬಿಲ್ಲಿನ ಕತೆ ಕೇಳಿ. ರಟ್ಟಿನ ಗೊಂಬೆ ಆದ ಮೇಲೆ ಮಕ್ಕಳಿಗೆ ನಿಜವಾದ ತೊಗಲನ್ನು ಮುಟ್ಟಿಸಬೇಕು ಅಂತ ಹಿರಿಯರು ಹಠ ಹಿಡಿದರು. ಆಡಿನ ತೊಗಲು ಬೇಕು. ಅದನ್ನು ಕೂದಲು ತೆಗೆದು, ಎಳೆದು ಕಟ್ಟಿ ಒಣಗಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಮಾಡುವುದು ದೊಡ್ಡ ಕೆಲಸ. ಸಂತೆಯಲ್ಲಿ ತೊಗಲು ಮಾರುವವನ ಹತ್ತಿರ ಜಿಎಸ್‌ಟಿ ಬಿಲ್ ಕೇಳಿದೆ. ಆತ ನನ್ನನ್ನು ಒಮ್ಮೆ, ಆಡಿನ ತೊಗಲನ್ನು ಒಮ್ಮೆ ನೋಡಿದ. ಕೊನೆಗೆ ವೋಚರ್ ಬರೆದು ಸಹಿ ತೆಗೆದುಕೊಂಡೆ. ಕಲಾವಿದರಿಗೆ ಕೊಟ್ಟದ್ದಕ್ಕೂ ವೋಚರೇ. 5,000 ರೂಪಾಯಿಗಿಂತ ಜಾಸ್ತಿ ಇದ್ದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಬೇಕು. ಆ ಸ್ಟಾಂಪು ಬೇಕಾದಾಗ ಸಿಗುವುದಿಲ್ಲ, ಮೊದಲೇ ತಂದಿಟ್ಟುಕೊಳ್ಳಿ. ಲೆಕ್ಕದ ವಿಷಯದಲ್ಲಿ ಐಎಫ್‌ಎಯವರು ಸಡಿಲ ಇಲ್ಲ, ಇರಬಾರದು ಕೂಡ. ಆದರೆ ಹಳ್ಳಿಯ ಕಲಾವಿದರ ಹತ್ತಿರ ಬಿಲ್ ಬುಕ್ ಇರುವುದಿಲ್ಲ ಅನ್ನುವುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕಲೆಯ ಜೊತೆ ವರ್ಷಗಟ್ಟಲೆ ಇದ್ದವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸ ನನಗೆ ಅಲ್ಲಿ ಕಂಡಿತು.

ಸರ್ಕಾರಿ ನೌಕರರಿಗೆ ಒಂದು ಎಚ್ಚರ. ಹೊರಗಿನ ಸಂಸ್ಥೆಯಿಂದ ಹಣ ನಿಮ್ಮ ಹೆಸರಿಗೆ ಬರುವುದಾದರೆ ಮೊದಲು ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ. ಹೆಡ್‌ಮಾಸ್ಟರ್ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿಗೆ ಲಿಖಿತವಾಗಿ ಕೊಟ್ಟು, ಇನ್ವರ್ಡ್ ನಂಬರ್ ಬರೆದುಕೊಳ್ಳಿ. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿ. ಇದಕ್ಕೋಸ್ಕರವೇ ಬೇರೆ ಬ್ಯಾಂಕ್ ಖಾತೆ ತೆಗೆಯಿರಿ. ಸಂಬಳದ ಖಾತೆಗೆ ಬಂದರೆ ಯಾವುದು ಕಲಾವಿದರದ್ದು, ಯಾವುದು ಮನೆ ಸಾಲದ ಕಂತು ಅಂತ ಹುಡುಕುವುದೇ ಕೆಲಸ. ಊರಲ್ಲಿ ಮಾತಾಡುವವರು ಇದ್ದೇ ಇರುತ್ತಾರೆ. ಅಕ್ಕೋರಿಗೆ ಬೆಂಗಳೂರಿಂದ ದುಡ್ಡು ಬಂದೈತಂತೆ ಅಂತ ಶುರುವಾದರೆ, ನಡಾವಳಿ ಪುಸ್ತಕ ತೆಗೆದು ತೋರಿಸಿದರೆ ಮುಗಿಯಿತು.

ಇನ್ನು ಆ ಅರ್ಧ ಸ್ಟಾರ್. ಎಲ್ಲರಿಗೂ ಸಿಗುವಷ್ಟು ಅನುದಾನ ಇವರ ಹತ್ತಿರ ಇಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ಸಂಖ್ಯೆ ನೆನೆಸಿಕೊಂಡರೆ ಒಂದು ಟ್ರಸ್ಟು ಎಷ್ಟು ಮಾಡೀತು? ಅದಕ್ಕೆ ಅವರನ್ನು ದೂರುವುದು ಸರಿಯಲ್ಲ, ಆದರೆ ಅರ್ಜಿ ಹಾಕುವವರಿಗೆ ಇದು ಗೊತ್ತಿರಬೇಕು. ಇನ್ನೊಂದು, ಅನುದಾನ ಯೋಜನೆಗೆ, ಯೋಜನೆ ಒಬ್ಬ ಟೀಚರಿಗೆ ಅಂಟಿಕೊಂಡಿರುತ್ತದೆ. ಆ ಟೀಚರಿಗೆ ವರ್ಗಾವಣೆ ಆದರೆ? ಗೊಂಬೆಪೆಟ್ಟಿಗೆ ಶಾಲೆಯಲ್ಲಿ ಉಳಿಯುತ್ತದೆ, ಬೀಗದ ಕೈ ಯಾರ ಹತ್ತಿರ ಅನ್ನುವುದು ಪ್ರಶ್ನೆ. ನಾನು ಅದಕ್ಕೆ ಮಾಡಿದ್ದು ಇಷ್ಟೇ: ವಿಜ್ಞಾನದ ಮೇಷ್ಟ್ರನ್ನೂ ಕನ್ನಡದ ಮೇಡಂ ಅವರನ್ನೂ ಮೊದಲ ದಿನದಿಂದ ಒಳಗೆ ಎಳೆದುಕೊಂಡೆ, ಮತ್ತೆ ಎಂಟನೇ ಕ್ಲಾಸಿನವರಿಂದಲೇ ಶುರು ಮಾಡಿದೆ. ಹತ್ತನೆಯವರನ್ನು ಹಿಡಿದರೆ ಮಾರ್ಚಿಗೆ ಎಲ್ಲ ಖಾಲಿ. ಎಂಟನೆಯವರು ಮುಂದಿನ ವರ್ಷ ಹೊಸ ಎಂಟನೆಯವರಿಗೆ ಕಲಿಸುತ್ತಾರೆ.

ಯಾರಿಗೆ ಇದು ಆಗುವುದಿಲ್ಲ? ಒಂದೇ ದಿನದ ಕಾರ್ಯಕ್ರಮಕ್ಕೆ ಪೆಂಡಾಲು, ಮೈಕು, ಊಟ ಹುಡುಕುವವರಿಗೆ ಆಗುವುದಿಲ್ಲ. ಬರೆಯಲಿಕ್ಕೆ, ವರದಿ ಕಳಿಸಲಿಕ್ಕೆ ಬೇಜಾರು ಇರುವವರಿಗೆ ಆಗುವುದಿಲ್ಲ. ಬರೆಯುವ ಕೆಲಸ ಇದೆ, ಅದೂ ಜಾಸ್ತಿಯೇ ಇದೆ. ಏನು ಆಯಿತು, ಏನು ಆಗಲಿಲ್ಲ ಎರಡೂ ಬರೆಯಬೇಕು. ನಮ್ಮ ಇಲಾಖೆಯ ನಮೂನೆಯಲ್ಲಿ ಎಲ್ಲವೂ "ಯಶಸ್ವಿಯಾಗಿ ನೆರವೇರಿತು" ಅಂತ ಬರೆದು ರೂಢಿಯಾದ ಕೈಗೆ ಮೊದಮೊದಲು ಕಷ್ಟ.

ಸಂಘ ನೋಂದಣಿ, ಆಡಿಟ್, 80ಜಿ ಎಲ್ಲ ಇಟ್ಟುಕೊಂಡು ಹಳ್ಳಿ ಹುಡುಗರಿಗೆ ನಾಟಕ ಕಲಿಸುವ ತಂಡದವರು ನೀವಾಗಿದ್ದರೆ ನಿಮ್ಮ ದಾರಿ ಬೇರೆ. ಇಲಾಖೆಯ ಧನಸಹಾಯಕ್ಕೆ ಹಾಕಿ, ಸಿಎಸ್‌ಆರ್-1 ಮಾಡಿಸಿ, ಕಂಪನಿಗಳಿಗೂ ಬರೆಯಿರಿ. ಮನೆತನದ ಕಲೆ ಇರುವ ಮಕ್ಕಳು ನಿಮ್ಮ ಕ್ಲಾಸಿನಲ್ಲಿದ್ದರೆ ಬೇರೆಲ್ಲ ಬಿಟ್ಟು ಮೊದಲು ಸಿಸಿಆರ್‌ಟಿಯ ಪ್ರಕಟಣೆ ನೋಡಿ. ಜನ್ಮ ದಿನಾಂಕದ ದಾಖಲೆ ಸರಿ ಇದೆಯೋ ಇಲ್ಲವೋ ಅಂತ ಜೂನ್‌ನಲ್ಲೇ ಪರೀಕ್ಷೆ ಮಾಡಿಡಿ. 14 ದಾಟಿದ ಮೇಲೆ ಆ ಬಾಗಿಲು ಮುಚ್ಚುತ್ತದೆ, ನಮ್ಮ ಕಡೆ ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಬರೆಸಿದ ತಾರೀಖುಗಳೇ ಜಾಸ್ತಿ.